ಉಡಿಗೆ ಹಾಕಿದ್ದು

ಇಳಕಲ್ಲಿನಲ್ಲಿ ಸಮುದ್ರ ಕಂಡವರು ಬೆರಳೆಣಿಕೆಯ ಮಂದಿ. ಆದರೂ ನೇಕಾರರ ಓಣಿಗೆ ಹೋಗಿ ಹಡಗಿನವರ ಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈಮಾಡಿ ತೋರಿಸುತ್ತಾರೆ. ಅದು ಹಣಮಪ್ಪನ ಮನೆ. ಹಣಮಪ್ಪನೇನೂ ಹಡಗು ಕಂಡವನಲ್ಲ. ಹರೆಯವನ್ನೆಲ್ಲ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕಳೆದು, ಎದೆಯ ತುಂಬ ಕಲ್ಲಿನ ಧೂಳು ತುಂಬಿಕೊಂಡು ಬಂದವನು. ಈಗ ಮುಂಬಾಗಿಲ ಕಟ್ಟೆಯ ಮೇಲೆ ಕೂತು ಕೆಮ್ಮುವುದೇ ಅವನ ಉದ್ಯೋಗ. ಹಡಗಿನ ಸಂಬಂಧ ಇದ್ದದ್ದು ಅವನ ಮಗ ದುಂಡೇಶನಿಗೆ.

ಗುಜರಾತದ ಕಡಲದಂಡೆಯಲ್ಲಿ ಮುದಿ ಹಡಗುಗಳನ್ನು ದಡಕ್ಕೆ ಎಳೆದು, ತುಂಡು ತುಂಡು ಮಾಡಿ ಕಬ್ಬಿಣ ಮಾರುವ ಯಾರ್ಡುಗಳಿವೆ. ಶಿರೂರಿನ ಅಲ್ಲಾಸಾಬ ಎಂಬವನು ಎಷ್ಟೋ ವರ್ಷದ ಹಿಂದೆ ಅಂಥದೊಂದು ಯಾರ್ಡು ಸೇರಿ, ತನ್ನ ಕಡೆಯ ಹುಡುಗರನ್ನು ಒಬ್ಬೊಬ್ಬರನ್ನೇ ಕರೆಸಿಕೊಂಡಿದ್ದ. ದುಂಡೇಶ ಹಾಗೆ ಹೋದವನು. ರಜೆಗೆ ಬಂದಾಗಲೆಲ್ಲ ಹಡಗಿನದೊಂದು ವಸ್ತು ತರುತ್ತಿದ್ದ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಹಡಗಿನದು, ಪಡಸಾಲೆಯ ದುಂಡು ಗಡಿಯಾರ ಹಡಗಿನದು, ಊಟದ ತಾಟಿನ ಅಂಚಿನಲ್ಲಿ ಯಾವುದೋ ದೇಶದ ಅಕ್ಷರ. ಹಣಮಪ್ಪ ಉಣ್ಣುವ ಮೊದಲು ತಾಟನ್ನು ತಿರುಗಿಸಿ ನೋಡಿ, ಇದರಲ್ಲಿ ಉಂಡವರು ಏನು ಉಂಡರೋ ಏನೋ ಎಂದು ಅನ್ನದೆ ತುತ್ತು ಎತ್ತುತ್ತಿರಲಿಲ್ಲ.

ಅವನ ಹೆಂಡತಿ ಶಾರವ್ವನಿಗೆ ಇವೆಲ್ಲಕ್ಕಿಂತ ಮೇಲಾದದ್ದು ಒಂದು ಬಿಳಿ ಬಟ್ಟೆ. ದಪ್ಪ ನೇಯ್ಗೆಯದು, ಕೈಗೆ ಭಾರ, ಬೆಂಕಿ ತಾಗಿದರೂ ಸುಡದು. ಹಡಗಿನ ಎಂಜಿನ್ ಕೋಣೆಯಲ್ಲಿ ಕಾದ ಕೊಳವೆಗಳಿಗೆ ಸುತ್ತುವುದಂತೆ. ದುಂಡೇಶ ಹೋದ ಮರುವರ್ಷ ಅದರದೊಂದು ಇಡೀ ಸುರುಳಿಯನ್ನೇ ಹೆಗಲ ಮೇಲೆ ಹೊತ್ತು ತಂದಿದ್ದ. ಶಾರವ್ವ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಸಂಸಾರ ನಿಂತದ್ದೇ ಅವಳ ಒಲೆಯ ಮೇಲೆ. ಕಾದ ಹಂಚು ಹಿಡಿದು ಹಿಡಿದು ಅವಳ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು, ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುತ್ತಲೇ ಇರಲಿಲ್ಲ. ಆ ಬಟ್ಟೆಯಿಂದ ಕೆಂಪಗೆ ಕಾದ ಹಂಚನ್ನು ಹಿಡಿದೆತ್ತಿದ ದಿನ ಅವಳು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ನನ್ನ ಮಗ ನನ್ನ ಕೈ ಉಳಿಸಿದ ಎಂದು ಅಂದು ಶುರುಮಾಡಿದ ಮಾತು ಒಂಬತ್ತು ವರ್ಷವಾದರೂ ಮುಗಿದಿರಲಿಲ್ಲ.

ಓಣಿಯ ಯಾವ ಹುಡುಗಿ ಗಂಡನ ಮನೆಗೆ ಹೊರಟರೂ ಶಾರವ್ವ ಉಡಿ ತುಂಬುತ್ತಿದ್ದಳು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಗುಳೇದಗುಡ್ಡದ ಖಣ, ಇವು ಎಲ್ಲರೂ ಹಾಕುವಂಥವು. ಅವುಗಳ ಮೇಲೆ ಒಂದು ಮೊಳ ಸುಡದ ಬಟ್ಟೆಯನ್ನು ಮಡಚಿ ಇಡುವುದು ಶಾರವ್ವನ ಪಾಲಿನ ಹೆಚ್ಚಿಗೆ. ಹುಡುಗಿಯರ ತಾಯಂದಿರು ಮದುವೆ ಗೊತ್ತಾದ ಕೂಡಲೇ ಬಂದು ನಮ್ಮ ಕೂಸಿಗೂ ಒಂದು ತುಂಡು ತೆಗೆದಿಡಿ ಎಂದು ಹೇಳಿಹೋಗುತ್ತಿದ್ದರು. ಹಾಗೆ ಬೇಡಿಸಿಕೊಳ್ಳುವ ಸುಖ ಸಣ್ಣದೇ? ಶಾರವ್ವ ಸುರುಳಿಯನ್ನು ಬಂಗಾರದಂತೆ ಸಂದೂಕದಲ್ಲಿ ಇಟ್ಟಿದ್ದಳು.

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ದುಂಡೇಶ ಬಂದ. ನೇರ ಮನೆಗೆ ಬರಲಿಲ್ಲ, ಶಿರೂರಿಗೆ ಹೋಗಿ ಅಲ್ಲಾಸಾಬನ ಮಣ್ಣು ಮುಗಿಸಿಕೊಂಡು ಬಂದ. ಅಲ್ಲಾಸಾಬ ಆರು ತಿಂಗಳಿನಿಂದ ಉಸಿರು ಎಳೆದುಕೊಳ್ಳಲಾರದೆ ಮಲಗಿದ್ದನಂತೆ. ಶಾರವ್ವ ಮಗನಿಗೆ ಬಚ್ಚಲಲ್ಲಿ ನೀರು ತೋಡಿ, ಪುಂಡಿಪಲ್ಲೆ, ಶೇಂಗಾಹಿಂಡಿ ಬಡಿಸಿ ಅಪ್ಪನ ಪಕ್ಕ ಕೂರಿಸಿದಳು. ಒಲೆಯ ಮುಂದೆ ಸೊಸೆ ಶೀಲಾ ಇದ್ದಳು. ಅವಳು ಹಂಚನ್ನು ಸರಿಸಿ, ಕೈಯಲ್ಲಿದ್ದ ಬಿಳಿ ಬಟ್ಟೆಗೆ ಮೆತ್ತಿದ್ದ ಹಿಟ್ಟು ಹೋಗಲಿ ಎಂದು ಗೋಡೆಗೆ ಎರಡು ಸಲ ಬಡಿದಳು. ಕಿಟಕಿಯ ಬಿಸಿಲಿನಲ್ಲಿ ಬಿಳಿ ಪುಡಿ ಹಾರಿತು.

ದುಂಡೇಶ ತುತ್ತನ್ನು ತಾಟಿಗೆ ಬಿಟ್ಟು ಎದ್ದ. "ಶೀಲಾ, ಅದನ್ನ ಕೆಳಗ ಇಡು. ಝಾಡಿಸಬ್ಯಾಡ."

ಬಕೇಟು ತಂದು ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿದ. ಎರಡು ಪ್ಲಾಸ್ಟಿಕ್ ಚೀಲ ಒಂದರೊಳಗೊಂದು ಹಾಕಿ, ಅದನ್ನು ತುಂಬಿ ಬಾಯಿ ಬಿಗಿದ. ಒದ್ದೆ ಚಿಂದಿಯಿಂದ ನೆಲ ಒರೆಸಿದ, ಗೋಡೆ ಒರೆಸಿದ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಯಾರೂ ತೆಗೆಯಲಿಲ್ಲ. ಶಿರೂರಿನಿಂದ ಹುಡುಗ ಏನನ್ನೋ ಮೆಟ್ಟಿಸಿಕೊಂಡು ಬಂದಿದ್ದಾನೆ ಎಂದೇ ಶಾರವ್ವ ತಿಳಿದಳು.

ಆಮೇಲೆ ಅವನು ಹೇಳಿದ. ಅದು ಕಲ್ನಾರಿನ ಬಟ್ಟೆ, ಆಸ್ಬೆಸ್ಟಾಸ್. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಮುರಿದು ಉಸಿರಿನ ಜೊತೆ ಒಳಗೆ ಹೋಗುತ್ತದೆ, ಹೋದದ್ದು ಹೊರಗೆ ಬರುವುದಿಲ್ಲ. ಈಗ ಹಡಗು ಒಡೆಯುವುದಕ್ಕೆ ನಮ್ಮ ದೇಶದ್ದೊಂದು, ಜಗತ್ತಿನದೊಂದು ಕಾಯ್ದೆ ಬಂದಿದೆ. ಇದನ್ನು ಬಿಚ್ಚಬೇಕಾದರೆ ಆ ಕೋಣೆಗೆ ಸುತ್ತ ಪ್ಲಾಸ್ಟಿಕ್ ಪರದೆ ಕಟ್ಟಿ, ಮೈತುಂಬ ಉಡುಪು, ಮುಖಕ್ಕೆ ಮುಸುಕು ಹಾಕಿಕೊಂಡು, ನೀರು ಹೊಡೆದು ಬಿಚ್ಚಬೇಕು. ಅದನ್ನು ನೋಡಿಕೊಳ್ಳುವುದೇ ಈಗ ತನ್ನ ಕೆಲಸ. ಅಲ್ಲಾಸಾಬನ ಕಾಲಕ್ಕೆ ಇದೇನೂ ಇರಲಿಲ್ಲ, ಬರಿಗೈಯಲ್ಲಿ ಹರಿದು, ಅದರ ಮೇಲೆಯೇ ಕೂತು ಬುತ್ತಿ ಉಣ್ಣುತ್ತಿದ್ದರು.

ಊರ ತುಂಬ ಅದರ ಶೀಟುಗಳೇ ಇವೆಯಲ್ಲ ಎಂದು ಹಣಮಪ್ಪ ಹಿತ್ತಲ ಮಾಡು ತೋರಿಸಿದ. ಅದು ಸಿಮೆಂಟಿನಲ್ಲಿ ಕೂತಿರುತ್ತದೆ, ಒಡೆಯದೆ ಇದ್ದರೆ ಅಷ್ಟು ಅಪಾಯವಿಲ್ಲ, ಇದು ಹಿಡಿದಾಗೊಮ್ಮೆ ಉದುರುವಂಥದ್ದು ಎಂದ ದುಂಡೇಶ.

"ಒಂಬತ್ತ ವರ್ಷ ಆತು ನಾ ಹಿಡಿಯಾಕತ್ತು," ಎಂದಳು ಶಾರವ್ವ. "ನನಗೇನಾಗೇತಿ?"

"ಈಗ ಆಗೂದಿಲ್ಲವ್ವಾ. ಇಪ್ಪತ್ತ ಮೂವತ್ತ ವರ್ಷ ಬಿಟ್ಟು ಆಗತೈತಿ. ಎಲ್ಲಾರಿಗೂ ಆಗೂದಿಲ್ಲ. ಯಾರಿಗೆ ಆಗತೈತಿ ಅಂತ ಯಾರಿಗೂ ಹೇಳಾಕ ಬರೂದಿಲ್ಲ."

ಹಾಗಾದರೆ ಅಷ್ಟರಲ್ಲಿ ನಾನು ಮಣ್ಣಿನಲ್ಲಿರುತ್ತೇನೆ ಬಿಡು ಎಂದು ಶಾರವ್ವ ನಗಲು ನೋಡಿದಳು. ಆದರೆ ಒಲೆಯ ಮುಂದೆ ಕೂತ ಶೀಲಾಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಎರಡನೆಯ ಇಯತ್ತೆಯ ಮೊಮ್ಮಗಳು ಪ್ರಿಯದರ್ಶಿನಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಶಾರವ್ವನ ನಗು ಅಲ್ಲೇ ನಿಂತಿತು.

ಶೀಲಾ ಗಂಡನ ಕಡೆ ನೋಡಿದಳು. "ನಿಮಗ ಇದು ಯಾವಾಗ ಗೊತ್ತಾತು?"

ದುಂಡೇಶ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತ, ಟ್ರೇನಿಂಗ್ ಆದಾಗ ಎಂದ.

"ಟ್ರೇನಿಂಗ್ ಆಗಿ ಎರಡ ವರ್ಷ ಆತು. ನೀವು ಸರ್ಟಿಫಿಕೇಟ್ ಹಿಡಕೊಂಡ ಫೋಟೋ ಕಳಿಸಿದ್ರಿ. ನಾ ಅದನ್ನ ಸ್ಟೇಟಸ್ ಇಟ್ಟಿದ್ದೆ."

ಶಾರವ್ವನ ತಲೆ ನಿಧಾನವಾಗಿ ಹಿಂದಕ್ಕೆ ಓಡಿತು. ಗೋಡೆಯಾಚೆಯ ಮನೆ ಅಬೇದಾಳದು. ಅಬೇದಾ ಸೀರೆ ನೇಯುವವಳು, ಶಾರವ್ವ ಈ ಮನೆಗೆ ಬಂದ ದಿನದಿಂದ ಗೆಳತಿ. ಎರಡು ಅಡುಗೆಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ದಿನಾ ಈ ಕಡೆಯಿಂದ ಎರಡು ಬಿಸಿ ರೊಟ್ಟಿ ಹೋಗುವುದು, ಆ ಕಡೆಯಿಂದ ಒಂದು ಬಟ್ಟಲು ಪಲ್ಲೆ ಬರುವುದು ರೂಢಿ. ಅಬೇದಾಳ ಮಗಳು ಸಾಜಿಯಾಳ ಮದುವೆ ಹೋದ ವರ್ಷ ಆಗಿತ್ತು. ಅವರ ಪದ್ಧತಿ ಬೇರೆಯಾದರೂ ತನ್ನ ಕೈಮೇಲೆ ಬೆಳೆದ ಹುಡುಗಿಗೆ ಶಾರವ್ವ ಉಡಿ ತುಂಬದೆ ಬಿಟ್ಟಿರಲಿಲ್ಲ.

"ಸಾಜಿಯಾನ ಮದವ್ಯಾಗ ನೀ ಇದ್ದಿ," ಎಂದಳು ಶಾರವ್ವ.

"ಇದ್ದೆ."

"ಆ ಅರಿವಿ ಮಡಚಿ ನನ್ನ ಕೈಯಾಗ ಕೊಟ್ಟವ ನೀನ."

"ಹೌದವ್ವಾ."

"ನನ್ನ ಕೈಲೆ ಹಾಕಿಸಿದಿ."

ಅಷ್ಟು ಅಂದು ಅವಳು ಎದ್ದು ಹಿತ್ತಲಿಗೆ ಹೋದಳು. ಅಂದು ಖಾನಾವಳಿಗೆ ರೊಟ್ಟಿ ಹೋಗಲಿಲ್ಲ. ಖಾನಾವಳಿಯ ಹುಡುಗರು ಎರಡು ಸಲ ಫೋನು ಮಾಡಿದರು, ಯಾರೂ ಎತ್ತಲಿಲ್ಲ.

ಮುಂದಿನ ನಾಲ್ಕಾರು ದಿನ ಆ ಮನೆಯಲ್ಲಿ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಉಂಡರು. ದುಂಡೇಶ ಒಂದು ನೀಲಿ ಡ್ರಮ್ಮು ತಂದು, ಸಂದೂಕದಲ್ಲಿ ಉಳಿದಿದ್ದ ಸುರುಳಿಯನ್ನು ನೀರು ಚಿಮುಕಿಸಿ ಅದರಲ್ಲಿ ಇಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ ಹಿತ್ತಲ ಮೂಲೆಯಲ್ಲಿ ನಿಲ್ಲಿಸಿದ. ಶೀಲಾ ಮನೆಯ ಮೂಲೆ ಮೂಲೆ ಒರೆಸಿದಳು. ಪ್ರಿಯದರ್ಶಿನಿಯ ಆಟಿಕೆ ಡಬ್ಬಿಯಲ್ಲಿ ಗೊಂಬೆ ಸಿಕ್ಕಿತು, ಗೊಂಬೆಗೆ ಆ ಬಟ್ಟೆಯ ಸೀರೆ. ಶೀಲಾ ಅದನ್ನು ಹಾಗೆಯೇ ತಂದು ಗಂಡನ ಮುಂದೆ ಹಿಡಿದಳು. ಇದನ್ನು ಅವಳು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾಳೆ, ಯುಗಾದಿಗೆ ಬಂದಾಗ ನೀವೂ ನೋಡಿ ಚಂದ ಇದೆ ಅಂದಿದ್ದಿರಿ ಎಂದಳು. ಅವನು ಗೊಂಬೆಯನ್ನು ತೆಗೆದುಕೊಂಡು ಡ್ರಮ್ಮಿಗೆ ಹಾಕಿದ. ಮಗಳು ಗೊಂಬೆ ಬೇಕು ಎಂದು ಅತ್ತಳು, ಶೀಲಾಳೂ ಅತ್ತಳು.

"ಬಾಯಿ ತೆರೀಬೇಕು ಅನ್ನೂದ್ರಾಗ ನೀ ಯಾರ ಮುಂದರ ನನ್ನ ಮಗ ನನ್ನ ಕೈ ಉಳಿಸ್ಯಾನ ಅಂತ ಹೇಳಾಕತ್ತಿರತಿದ್ದಿ," ಎಂದು ದುಂಡೇಶ ತಾಯಿಯ ಹತ್ತಿರ ಹೇಳಿಕೊಂಡ. "ಹೆಂಗ ಹೇಳಲೆವ್ವಾ? ಇವತ್ತ ಬ್ಯಾಡ, ಮುಂದಿನ ಸಲ ಅಂತ ಬಿಟ್ಟೆ. ಅಲ್ಲಾಸಾಬನ ಮಾರಿ ನೋಡಿದ ಮ್ಯಾಲ ಬಿಡಾಕ ಆಗಲಿಲ್ಲ."

ಕಟ್ಟೆಯಿಂದ ಒಳಗೆ ಬಂದ ಹಣಮಪ್ಪ ಇದನ್ನು ಕೇಳಿದ. ಅವನು ಜಗಳದಲ್ಲಿ ಮಾತಾಡುವವನಲ್ಲ, ಮಾತಾಡಿದರೆ ಕೆಮ್ಮು ಬರುತ್ತದೆ. ಅಂದು ಗೋಡೆಗೆ ಆತು ನಿಂತು ಮಾತಾಡಿದ.

"ಕಲ್ಲಿನ ಧೂಳದ ಸುದ್ದಿ ನಮ್ಮ ಮಾಲಕಗ ಗೊತ್ತಿತ್ತು. ತನ್ನ ಮಗನ್ನ ಒಂದ ದಿನಾನೂ ಮಷಿನ್ ಹತ್ತರ ಬಿಡಲಿಲ್ಲ ಅಂವ. ನನಗ ಹೇಳಿದ್ರ ಕೆಲಸ ಬಿಡತಿದ್ದೆ ಅಂತಲ್ಲ. ಹೊಟ್ಟಿ ಇತ್ತು, ಮಾಡತಿದ್ದೆ. ಆದ್ರ ಮೂಗಿಗೆ ಒಂದು ಅರಿವಿ ಕಟಗೋತಿದ್ದೆ." ಕೆಮ್ಮು ಬಂದು, ನಿಂತು, ಮತ್ತೆ ಅಂದ. "ಎಲ್ಲಾರಿಗೂ ಹೇಳ್ರಿ. ಕೊಟ್ಟದ್ದನ್ನ ವಾಪಸ್ ತರ್ರಿ."

ಶಾರವ್ವ ಒಪ್ಪಲಿಲ್ಲ. ತನ್ನ ಮಗಳು ಪದ್ಮಶ್ರೀಯ ಮಾತು ಬೇರೆ. ಅವಳಿಗೆ ಅಂದೇ ಫೋನು ಮಾಡಿ ಎಲ್ಲವನ್ನೂ ಬಿಚ್ಚಿ ಹೇಳಿದ್ದಳು. ದುಂಡೇಶ ಬೈಕು ತೆಗೆದುಕೊಂಡು ಕಲಾದಗಿಗೆ ಹೋಗಿ, ತಂಗಿಯ ಅಡುಗೆಮನೆಯನ್ನು ತಾನೇ ಒರೆಸಿ, ತುಂಡನ್ನು ಕಟ್ಟಿಕೊಂಡು ಬಂದಿದ್ದ. ಆದರೆ ಓಣಿಯ ಹುಡುಗಿಯರಿಗೆ ಉಡಿಗೆ ಹಾಕಿದ್ದನ್ನು ಕೇಳುವುದು ಹೇಗೆ? ಉಡಿಗೆ ಹಾಕಿದ್ದನ್ನು ತಿರುಗಿ ಕೇಳಿದ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಅದು ಹುಡುಗಿಯ ಬಾಳನ್ನೇ ತಿರುಗಿ ಕೇಳಿದಂತೆ. ಅದಕ್ಕಿಂತ ಹೆಚ್ಚಾಗಿ, ಶಾರವ್ವ ನಮ್ಮ ಕೂಸಿನ ಉಡಿಗೆ ವಿಷ ಹಾಕಿದಳು ಎಂದು ಓಣಿ ಆಡಿಕೊಂಡರೆ ಅವಳು ಯಾವ ಮುಖ ಹೊತ್ತು ನೀರಿನ ಸರತಿಯಲ್ಲಿ ನಿಲ್ಲಬೇಕು? ಖರೆ ಹೇಳಬೇಕು, ಅವಳಿಗೆ ಹುಡುಗಿಯರ ಎದೆಯ ಚಿಂತೆಯಷ್ಟೇ ತನ್ನ ಮುಖದ ಚಿಂತೆಯೂ ಇತ್ತು.

"ಖರೆ ಹೇಳಿಬಿಡೂಣವ್ವಾ. ನಾನ ಹೋಗಿ ಹೇಳ್ತೇನಿ," ಎಂದ ದುಂಡೇಶ.

"ಎರಡ ವರ್ಷ ಬಾಯಿ ಮುಚಗೊಂಡು ಕುಂತಾವ ನೀ. ನನಗ ಖರೆ ಕಲಸಾಕ ಬರಬ್ಯಾಡ. ಅರಿವಿ ತಿರುಗಿ ಬಂದ್ರ ಆತಿಲ್ಲೋ? ನಾ ತರ್ತೇನಿ, ನನ್ನ ರೀತಿಲೆ."

ಅವಳ ರೀತಿ ಹೀಗಿತ್ತು. ಹಳೆಯ ಇಳಕಲ್ ಸೀರೆಗಳ ಗಂಟು ಬಿಚ್ಚಿ, ಅತ್ತೆ ಸೊಸೆ ಕೂತು ಕೌದಿ ಹೊಲಿದ ಹಾಗೆ ಪದರ ಪದರ ಇಟ್ಟು, ಹಂಚು ಹಿಡಿಯುವ ದಪ್ಪ ತುಂಡುಗಳನ್ನು ಹೊಲಿದರು. ಒಂದೊಂದಕ್ಕೂ ಕೆಂಪು ಸೆರಗಿನ ಅಂಚು. ಹೊಲಿಗೆ ಚಂದ ಬಂತು, ಗಣೇಶನ ಹಬ್ಬ ಮುಗಿಯುವವರೆಗೂ ನಡೆಯಿತು. ಆಮೇಲೆ ಶಾರವ್ವ ಹೊಸದಾಗಿ ಉಡಿಯ ಸಾಮಾನು ಕಟ್ಟಿಕೊಂಡು ಮನೆಮನೆಗೆ ಹೋದಳು. ಒಬ್ಬಳನ್ನು ಹುನಗುಂದಕ್ಕೆ ಹೋಗಿ ನೋಡಿಬಂದಳು, ಇನ್ನೊಬ್ಬಳನ್ನು ಚೊಳಚಗುಡ್ಡಕ್ಕೆ ಬಸ್ಸಿನಲ್ಲಿ ಹೋಗಿ. ಎಲ್ಲ ಕಡೆ ಒಂದೇ ಮಾತು. ಆ ಅರಿವೆ ಹಳೆಯದಾಯಿತು, ಬಿರುಸಾಯಿತು, ನನ್ನ ಕೈಯಾರೆ ಹೊಲಿದದ್ದು ತಂದಿದ್ದೇನೆ, ಬದಲಿ ತಗೋ ತಾಯಿ. ಹುಡುಗಿಯರು ಮತ್ತೊಮ್ಮೆ ಉಡಿ ತುಂಬಿಸಿಕೊಂಡು ಕಾಲಿಗೆ ಬಿದ್ದರು. ಹಳೆಯ ತುಂಡು ತಂದುಕೊಟ್ಟು, ಚಹಾ ಕುಡಿಸಿ ಕಳಿಸಿದರು. ಯಾರೂ ಏನೂ ಕೇಳಲಿಲ್ಲ. ಇಷ್ಟು ಸುಲಭವೇ ಎಂದು ಶಾರವ್ವನಿಗೇ ಆಶ್ಚರ್ಯವಾಯಿತು.

ಸಾಜಿಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಉಡಿಯ ಬಟ್ಟೆಯನ್ನೂ ಜೊತೆಗೆ ತಂದಿದ್ದಳು. ಅಬೇದಾ ಮಗ್ಗದಿಂದ ಎದ್ದು ಬಂದು, ಒಳಗಿನಿಂದ ಬಟ್ಟೆ ತಂದು ಕೊಟ್ಟಳು. ಶಾರವ್ವನ ಕೈ ಅಳತೆ ಬಲ್ಲ ಕೈ. ತಾನು ಕೊಟ್ಟದ್ದು ಒಂದು ಮೊಳ, ಬಂದದ್ದು ಅದರ ಅರ್ಧ. ಇಷ್ಟೇ ಏನು ಎಂದು ಕೇಳಿದಳು. ಉಳಿದದ್ದು ಹರಿದುಹೋಯಿತು ಎಂದಳು ಅಬೇದಾ, ಬೇರೆ ಕಡೆ ನೋಡುತ್ತ. ಇನ್ನೊಂದು ಮಾತು ಕೇಳಬಹುದಾಗಿತ್ತು. ಕೇಳಿದರೆ ಯಾಕೆ ಇಷ್ಟು ಕೇಳುತ್ತೀರೆಂದು ಅವಳೂ ಕೇಳುತ್ತಾಳೆ. ಶಾರವ್ವ ಇರಲಿ ಬಿಡು ಎಂದು ಎದ್ದುಬಂದಳು.

ಈ ನಡುವೆ ದುಂಡೇಶ ತನ್ನ ಯಾರ್ಡಿನ ಸಾಹೇಬರಿಗೆ ಫೋನು ಮಾಡಿ ಇದ್ದದ್ದನ್ನೆಲ್ಲ ಹೇಳಿದ್ದ. ಡ್ರಮ್ಮನ್ನು ಏನು ಮಾಡಬೇಕು ಎಂದು ಕೇಳುವುದಕ್ಕೆ ಬೇರೆ ದಾರಿ ಇರಲಿಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು. ಅದನ್ನು ರೈಲಿನಲ್ಲಿ ಬಸ್ಸಿನಲ್ಲಿ ತರುವುದು ಅಪರಾಧ, ಎಲ್ಲಿದೆಯೋ ಅಲ್ಲೇ ಇರಲಿ, ಪರವಾನಗಿ ಇದ್ದವರು ಬಂದು ಒಯ್ಯಬೇಕು, ಯಾವಾಗ ಎಂದು ಹೇಳಲಾಗದು. ಮಾಲು ಗೇಟಿನಿಂದ ಹೊರಗೆ ಹೋದದ್ದು ಹೇಗೆ ಎಂದು ವಿಚಾರಣೆ ನಡೆಯುತ್ತದೆ, ಅದು ಮುಗಿಯುವವರೆಗೆ ನೀನು ಕೆಲಸಕ್ಕೆ ಬರುವುದು ಬೇಡ.

"ಅಲ್ಲಾಸಾಬ ಬರಿಗೈಲೆ ಹರಿಯೂವಾಗ ಈ ಕಾಯ್ದೆ ಎಲ್ಲಿ ಹೋಗಿತ್ತೋ?" ಎಂದು ಕೇಳಿದ ಹಣಮಪ್ಪ.

"ಆಗೂ ಒಂದ ನಮೂನಿ ಇತ್ತಪ್ಪ. ಗೇಟಿನ ಹೊರಗ ನಿಂತಿತ್ತು."

"ಈಗ ಒಳಗ ಬಂತು, ನಿನ್ನ ಹಿಡೀತು."

ದುಂಡೇಶ ತಲೆ ತಗ್ಗಿಸಿ, ಹಿಡಿದದ್ದು ತಪ್ಪಲ್ಲ ಎಂದ. ಮಗ ಕೆಲಸ ಕಳೆದುಕೊಂಡು ಕೂತದ್ದಕ್ಕೆ ಶಾರವ್ವನಿಗೆ ಸಂಕಟವಾಯಿತು. ಆದರೂ ಒಳಗೊಳಗೆ, ತಪ್ಪು ಮಾಡಿದವನು ಅವನು, ಸರಿಮಾಡಿದವಳು ನಾನು ಎಂಬ ಒಂದು ನೆಮ್ಮದಿಯೂ ಇತ್ತು. ಆ ನೆಮ್ಮದಿಯಲ್ಲೇ ಅವಳು ಹಂಚು ಹಿಡಿಯುತ್ತಿದ್ದಳು. ಕೌದಿಯ ತುಂಡಿನಲ್ಲಿ ಕೈ ಸುಡುತ್ತಿತ್ತು, ಮೊದಲಿನ ಹಾಗೆ.

ಸಾಜಿಯಾ ಹೆಣ್ಣು ಹೆತ್ತಳು. ದವಾಖಾನೆಯಿಂದ ಬಂದ ಮೇಲೆ ಮೈಲಿಗೆ ಕಳೆಯಲಿ ಎಂದು ಕೆಲವು ದಿನ ಬಿಟ್ಟು, ಶಾರವ್ವ ಅಂಟಿನ ಉಂಡಿ ಕಟ್ಟಿ, ಕೂಸಿಗೆ ಕುಂಚಿಗೆ ಹೊಲಿದು ತೆಗೆದುಕೊಂಡು ಹೋದಳು. ಬಾಣಂತಿಯ ಕೋಣೆಯಲ್ಲಿ ಲೋಬಾನದ ಹೊಗೆ, ಬೆಳ್ಳುಳ್ಳಿಯ ವಾಸನೆ. ಸಾಜಿಯಾ ತಲೆಗೆ ಅರಿವೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಹಗ್ಗ ಹೆಣೆದ ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ, ಮೇಲೆ ಬೆಚ್ಚಗೆ ಕೂಸು. ಹೆತ್ತವಳಿಗೂ ಕೂಸಿಗೂ ಹೀಗೆ ಕಾಯಿಸುವುದು ಎರಡೂ ಮನೆಗಳಲ್ಲಿ ಒಂದೇ ರೂಢಿ.

ಶಾರವ್ವ ಕೂಸನ್ನು ಎತ್ತಿಕೊಂಡಳು. ಹಣೆ ಮೂಸಿದಳು. ಕೂಸಿನ ಬೆನ್ನಿಗೆ, ಕುಪ್ಪಸದ ಮೇಲೆ, ಬಿಳಿ ಎಳೆಗಳು ಅಂಟಿದ್ದವು. ಹೊರಸನ್ನು ನೋಡಿದಳು. ಹಳೆಯ ಮೆತ್ತೆಯ ಮೇಲೆ, ಕೂಸು ಮಲಗಿದ್ದ ಜಾಗದಲ್ಲಿ, ಆ ಬಟ್ಟೆಯ ಉಳಿದ ಅರ್ಧ ಹಾಸಿತ್ತು.

ಅಬೇದಾ ಸಿಕ್ಕಿಬಿದ್ದವಳಂತೆ ನಕ್ಕಳು. "ತಪ್ಪ ತಿಳಕೋಬ್ಯಾಡ್ರಿ ಶಾರಕ್ಕ. ಅವತ್ತ ಅರ್ಧ ಮುಚ್ಚಿಟ್ಟೆ. ನಾ ಬಬ್ಲೂನ ಹಡದಾಗ ಕಿಡಿ ಸಿಡದು ಹೊರಸಿನ ಹಗ್ಗ ಹತ್ತಿತ್ತಲ್ಲ, ನಿಮಗ ನೆನಪೈತಿ. ಇದು ಸುಡೂದಿಲ್ಲ. ಇಂಥಾದು ಮತ್ತ ಎಲ್ಲಿ ಸಿಗತೈತಿ ಅಂತ ಮನಸು ಬರಲಿಲ್ಲ."

ಶಾರವ್ವ ಕೂಸನ್ನು ಎದೆಗೆ ಅವುಚಿಕೊಂಡು ನಿಂತಳು. ಇನ್ನೊಂದು ಸುಳ್ಳು ಬಾಯಿಯ ತನಕ ಬಂದಿತ್ತು. ಇದು ಬಿರುಸು, ಕೂಸಿನ ಮೈಗೆ ಒತ್ತುತ್ತದೆ ಎಂದರೆ ಸಾಕಾಗಿತ್ತು, ಅಬೇದಾ ತೆಗೆದುಬಿಡುತ್ತಿದ್ದಳು. ಆದರೆ ಕೂಸು ಬಾಯಿ ತೆರೆದು ಆಕಳಿಸಿತು. ಆ ಪುಟ್ಟ ಉಸಿರು ಅವಳ ಕತ್ತಿಗೆ ತಾಗಿತು. ಅವಳಿಂದ ಆಗಲಿಲ್ಲ.

ಹೇಳಿದಳು. ಅಲ್ಲಾಸಾಬನಿಂದ ಹಿಡಿದು ಡ್ರಮ್ಮಿನ ತನಕ, ನಿಲ್ಲಿಸದೆ ಹೇಳಿದಳು. ಒದ್ದೆ ಮಾಡಿ ತೆಗೆಯಬೇಕು, ಝಾಡಿಸಬಾರದು, ಕೂಸಿನ ಅರಿವೆ ಎಲ್ಲ ಬದಲಿಸಬೇಕು ಎಂದಳು. ಇಷ್ಟು ದಿನಕ್ಕೆ ಏನೂ ಆಗದಿರಬಹುದು, ದೇವರಿದ್ದಾನೆ ಎಂದಳು. ಸಾಜಿಯಾ ಒರಗಿದ ಕಡೆಯಿಂದಲೇ ಅಬೇದಾಳ ಮುಖ ನೋಡುತ್ತಿದ್ದಳು.

ಅಬೇದಾ ಮುಂದೆ ಬಂದು ಕೂಸನ್ನು ತೆಗೆದುಕೊಂಡಳು. ದನಿ ಏರಿಸಲಿಲ್ಲ. "ಬದಲಿ ಅರಿವಿ ತಗೊಂಡು ಬಂದ್ರಲ್ಲ, ಅವತ್ತ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಪದ್ಮಶ್ರೀಗೂ ಹಿಂಗ ಹೇಳಿದ್ರಿ? ಹಳೇದಾಗೇತಿ, ಬದಲಿ ತಗೋ ಅಂತ?"

ತನ್ನ ಮಗನನ್ನು ಒಂದು ದಿನವೂ ಮಷಿನ್ ಹತ್ತಿರ ಬಿಡದ ಆ ಮಾಲಕನನ್ನು ಶಾರವ್ವ ಮೂವತ್ತು ವರ್ಷ ಶಪಿಸಿದ್ದಳು. ಅವನ ಮುಖ ಹೇಗಿತ್ತೆಂದು ಈಗ ನೆನಪು ಮಾಡಿಕೊಳ್ಳಲು ನೋಡಿದರೆ ತನ್ನ ಮುಖವೇ ಬರುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರು ತರಿಸಿ, ಆ ಬಟ್ಟೆಯನ್ನು ತಾನೇ ತೋಯಿಸಿ ಚೀಲಕ್ಕೆ ಹಾಕಿದಳು. ಮೆತ್ತೆಯನ್ನೂ ಕಟ್ಟಿದಳು, ನೆಲ ಒರೆಸಿದಳು. ಅಬೇದಾ ಬೇಡ ಎನ್ನಲಿಲ್ಲ, ಸಹಾಯಕ್ಕೂ ಬರಲಿಲ್ಲ. ಶಾರವ್ವ ಹೊರಡುವಾಗ ಹೊಸಿಲ ಹತ್ತಿರ ಕೌದಿಯ ತುಂಡನ್ನೂ ಅಂಟಿನುಂಡಿಯ ಡಬ್ಬಿಯನ್ನೂ ತಂದು ಅವಳ ಕೈಗೆ ಕೊಟ್ಟಳು. ಕುಂಚಿಗೆಯೂ ಅದರ ಮೇಲೆಯೇ ಇತ್ತು.

ಶಾರವ್ವ ಮನೆಗೆ ಬಂದು ದುಂಡ್ಯಾ ಎಂದು ಮಗನನ್ನು ಕರೆದಳು. ಅವನು ಬಂದು ಚೀಲ ತೆಗೆದುಕೊಂಡ.

"ನಿನ್ನ ಬೈದ ಬಾಯಿಲೆ ನಾನೂ ಮನಿಮನಿಗೆ ಸುಳ್ಳ ಹೇಳಿ ಬಂದೆ," ಎಂದಳು. "ನೀ ಬಾಯಿ ಮುಚಗೊಂಡಿದ್ದಿ. ನಾ ಬಾಯಿ ತೆಗದು ಹೇಳಿದೆ. ನಂದ ಹೆಚ್ಚಿಂದು."

ಅವನು ಅಲ್ಲವ್ವಾ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮತ್ತೆ ಹೊರಟಳು, ಈ ಸಲ ಬರಿಗೈಯಲ್ಲಿ. ದುಂಡೇಶ ಜೊತೆಗೆ ಹೋದ. ಹೋದಲ್ಲೆಲ್ಲ ಹುಡುಗಿಯನ್ನು, ಅವಳ ಅತ್ತೆಯನ್ನು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಚೊಳಚಗುಡ್ಡದಲ್ಲಿ ಮುಚ್ಚಿಟ್ಟ ಇನ್ನೊಂದು ತುಂಡು ಮೇಲಟ್ಟದಿಂದ ಕೆಳಗೆ ಬಂತು, ಹುನಗುಂದದಲ್ಲಿ ಒಂದು ನಾದಿನಿಯ ಮನೆಯಿಂದ. ಒಬ್ಬ ಅತ್ತೆ ಶಾರವ್ವನನ್ನು ಬಾಗಿಲಲ್ಲೇ ನಿಲ್ಲಿಸಿ ಬೈದಳು. ಒಬ್ಬಳು ನಕ್ಕು, ನಮಗೇನೂ ಆಗುವುದಿಲ್ಲ ಎಂದು ಉಳಿಸಿಕೊಂಡ ತುಂಡು ಕೊಡಲೇ ಇಲ್ಲ, ಇನ್ನೂ ಕೊಟ್ಟಿಲ್ಲ. ಓಣಿಯಲ್ಲಿ ಮಾತು ಹಬ್ಬಿತು. ಒಂದು ಖಾನಾವಳಿ ರೊಟ್ಟಿ ಬೇಡ ಎಂದಿತು. ನೀರಿನ ಸರತಿಯಲ್ಲಿ ಅವಳು ನಿಂತರೆ ಹೆಂಗಸರು ಸುಮ್ಮನಾಗುತ್ತಾರೆ. ಡ್ರಮ್ಮು ಇನ್ನೂ ಹಿತ್ತಲಲ್ಲೇ ಇದೆ, ಒಯ್ಯುವವರು ಬಂದಿಲ್ಲ. ದುಂಡೇಶನ ವಿಚಾರಣೆ ಮುಗಿದಿಲ್ಲ.

ದಿನಾ ರೊಟ್ಟಿ ಬಡಿಯುವುದು ಮುಗಿದ ಮೇಲೆ ಶಾರವ್ವ ಎರಡು ಬಿಸಿ ರೊಟ್ಟಿ ಮಡಚಿ ಕಿಂಡಿಯಲ್ಲಿ ಇಡುತ್ತಾಳೆ. ಸಂಜೆಗೆ ಅವು ಅಲ್ಲೇ ಒಣಗಿರುತ್ತವೆ. ಗೋಡೆಯಾಚೆ ಮಗ್ಗದ ಸದ್ದು ಕೇಳುತ್ತದೆ, ಒಮ್ಮೊಮ್ಮೆ ಕೂಸಿನ ಅಳು. ಕೂಸು ಕೆಮ್ಮಿದರೆ ಶಾರವ್ವನ ಕೈ ಹಿಟ್ಟಿನ ಮೇಲೆ ನಿಲ್ಲುತ್ತದೆ.

"ಆಕಿ ತಗೋಳೂದಿಲ್ಲವ್ವಾ. ಯಾಕ ಇಡತಿ?" ಎಂದು ದುಂಡೇಶ ಒಂದು ದಿನ ಕೇಳಿದ.

"ತಗೋಳೂದು ಬಿಡೂದು ಆಕಿಗೆ ಬಿಟ್ಟದ್ದು," ಎಂದಳು ಶಾರವ್ವ. "ಇದರಾಗ ಏನೈತಿ ಅಂತ ಆಕಿಗೆ ಗೊತ್ತೈತಿ."

ಒಣಗಿದ ಎರಡನ್ನು ತೆಗೆದು, ಆ ದಿನದ ಎರಡನ್ನು ಇಟ್ಟಳು.